ಖಾಲಿ ಹೊಟ್ಟೆಗೆ ಒಂದು ಲೋಟ ಹಾಲು

ನಮ್ಮನೆಯವರು ನನ್ನನ್ನು ಹೊಡೆಯುತ್ತಾರೆಂದು ಅರ್ಧ ಸವಳಂಗ ಮೂರು ವಾರ ನಂಬಿತ್ತು. ಪಾಪ, ಆ ಮನುಷ್ಯ ಇರುವೆ ಕಂಡರೂ ದಾಟಿಕೊಂಡು ನಡೆಯುವವರು. ನಡೆದದ್ದು ಇಷ್ಟೇ. ಕತ್ತಲಗೆರೆಯಲ್ಲಿ ನನ್ನ ತಂಗಿಯ ಸೀಮಂತವಿತ್ತು. ಬಂದ ಹೆಂಗಸರಿಗೆಲ್ಲ ಬಳೆ ತೊಡಿಸುತ್ತಿದ್ದ ಬಳೆಗಾರ್ತಿ ನನ್ನ ಕೈ ಹಿಡಿದು, "ಕೈ ಸಡಿಲ ಬಿಡವ್ವ, ಬಿಗಿ ಹಿಡೀಬ್ಯಾಡ" ಎನ್ನುತ್ತಾ ಹಿಸುಕಿ ಹಿಸುಕಿ ಹಸಿರು ಗಾಜಿನ ಬಳೆ ಏರಿಸಿದಳು. ಮಾರನೆಯ ಬೆಳಿಗ್ಗೆ ನೋಡಿದರೆ ಎರಡೂ ಕೈ ನೇರಳೆ ಹಣ್ಣಿನ ಬಣ್ಣ. ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸು ನನ್ನ ಕೈ ನೋಡಿದಳು, ನಮ್ಮನೆಯವರ ಮುಖ ನೋಡಿದಳು, ಎದ್ದು ಬೇರೆ ಸೀಟಿಗೆ ಹೋದಳು. ನನಗೆ ನಗು ಬಂತು. ನಗುವಾಗ ಬಾಯೊಳಗೆ ಉಪ್ಪುಪ್ಪು ರುಚಿ. ಸೆರಗಿನಿಂದ ಒರೆಸಿಕೊಂಡರೆ ರಕ್ತ.

ನನ್ನ ಹೆಸರು ರೇಣುಕಾ. ಹುಟ್ಟಿದ್ದು ಜಗಳೂರು ತಾಲ್ಲೂಕಿನ ಸೊಕ್ಕೆಯಲ್ಲಿ, ಕೊಟ್ಟಿದ್ದು ಸವಳಂಗಕ್ಕೆ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ಬ್ಲೌಸು ಹೊಲಿಯುತ್ತೇನೆ. ಸೂಜಿ ಬೆರಳಿಗೆ ಚುಚ್ಚುವುದು ನಮಗೆ ಲೆಕ್ಕಕ್ಕೇ ಇಲ್ಲ, ಬಾಯಲ್ಲಿಟ್ಟು ಚೀಪಿಕೊಂಡರೆ ಮುಗಿಯಿತು. ಆ ವಾರ ಹಾಗೆ ಚುಚ್ಚಿದ ಬೆರಳು ಮಧ್ಯಾಹ್ನದವರೆಗೆ ತೊಟ್ಟಿಕ್ಕಿತು. ಯಾರದೋ ಮದುವೆಯ ರೇಷ್ಮೆ ಬ್ಲೌಸಿನ ಮೇಲೆ ಕಲೆ ಬಿತ್ತು. ಕಾಲಿನ ಮೇಲೆ ರಾಗಿ ಕಾಳು ಚೆಲ್ಲಿದಂತೆ ಕೆಂಪು ಚುಕ್ಕೆಗಳು. ನಮ್ಮನೆಯವರು ತಮ್ಮ ಗೂಡ್ಸ್ ಆಟೋದಲ್ಲೇ ಕೂರಿಸಿಕೊಂಡು ನ್ಯಾಮತಿಗೆ ಕರೆದೊಯ್ದು ಪರೀಕ್ಷೆಗೆ ರಕ್ತ ಕೊಡಿಸಿದರು. ಸಂಜೆ ಲ್ಯಾಬಿನವನು ಫೋನ್ ಮಾಡಿ ಮೊದಲು ಕೇಳಿದ್ದು, "ಅಕ್ಕಾ, ಕೂತ್ಕೊಂಡಿದೀರಾ?" ಎಂದು. ಪ್ಲೇಟ್‌ಲೆಟ್ ಕಡಿಮೆಯೆಂದರೂ ಒಂದೂವರೆ ಲಕ್ಷ ಇರಬೇಕಂತೆ. ನನಗೆ ಇದ್ದದ್ದು ಆರು ಸಾವಿರ.

ನಮ್ಮ ಕಡೆ ಪ್ಲೇಟ್‌ಲೆಟ್ ಅಂದರೆ ಡೆಂಗೆ, ಡೆಂಗೆ ಅಂದರೆ ಪಪ್ಪಾಯಿ ಎಲೆ. ಜ್ವರವೇ ಇಲ್ಲವಲ್ಲ ಎಂದರೆ ಯಾರೂ ಕೇಳಲಿಲ್ಲ. ಸೊಕ್ಕೆಯಿಂದ ನಮ್ಮಣ್ಣ ಒಂದು ಗೋಣಿಚೀಲ ಎಲೆಯನ್ನು ಬಸ್ಸಿಗೆ ಹಾಕಿ ಕಳಿಸಿದ. ಅಲ್ಲಿಂದ ಇಲ್ಲಿಗೆ ಎರಡು ಬಸ್ಸು ಬದಲಿಸಿ ಬಂದ ಎಲೆ ಬಾಡಿ ಮುದ್ದೆಯಾಗಿದ್ದವು. ಅದನ್ನೇ ಅರೆದು ಕುಡಿದೆ. ವಿಷದಂಥ ಕಹಿ. ಹತ್ತು ದಿನ ಕುಡಿದು ಮತ್ತೆ ರಕ್ತ ಕೊಟ್ಟರೆ ನಾಲ್ಕು ಸಾವಿರಕ್ಕೆ ಇಳಿದಿತ್ತು. ಆಮೇಲೆ ದಾವಣಗೆರೆಯ ದೊಡ್ಡ ಆಸ್ಪತ್ರೆಗೆ ಹೋದದ್ದು.

ಅಲ್ಲಿನ ರಕ್ತದ ಡಾಕ್ಟರು ಇನ್ನೂ ಹುಡುಗ. ನನ್ನ ದೇಹವೇ ನನ್ನ ಪ್ಲೇಟ್‌ಲೆಟ್ಟನ್ನು ಶತ್ರು ಅಂದುಕೊಂಡು ಕೊಲ್ಲುತ್ತಿದೆ ಎಂದರು. ಯಾಕೆ ಎಂದು ಕೇಳಿದೆ. "ಯಾಕೆ ಅಂತ ಗೊತ್ತಿಲ್ಲಮ್ಮ" ಎಂದರು. ಗೊತ್ತಿಲ್ಲ ಎನ್ನುವ ಡಾಕ್ಟರನ್ನು ನಾನು ಅವತ್ತೇ ಮೊದಲು ನೋಡಿದ್ದು. ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತು ಅತ್ತೆ. ಎದುರು ಬೆಂಚಿನ ಅಷ್ಟೂ ಜನ ನಮ್ಮನೆಯವರನ್ನೇ ದುರುಗುಟ್ಟಿ ನೋಡುತ್ತಿದ್ದರು. ನನ್ನ ಕೈ ಇನ್ನೂ ನೇರಳೆಯಾಗಿಯೇ ಇತ್ತು.

ಸ್ಟೀರಾಯ್ಡ್ ಗುಳಿಗೆ ಶುರುವಾಯಿತು. ಸಂಖ್ಯೆ ಏರಿತು, ಹಬ್ಬ ಮಾಡಿದೆವು. ಡೋಸ್ ಇಳಿಸಿದರು, ಸಂಖ್ಯೆಯೂ ಇಳಿಯಿತು. ಮತ್ತೆ ಏರಿಸಿದರು. ಹೀಗೆ ಎಂಟು ತಿಂಗಳು. ಮುಖ ಊದಿ ಊರಿನವರು "ರೇಣುಕಾ, ಮೈ ಕೈ ತುಂಬ್ಕೊಂಡೀಯಲ್ಲೇ, ಚೆನ್ನಾಗಿದೀಯ ಬಿಡು" ಎನ್ನುತ್ತಿದ್ದರು. ಸಕ್ಕರೆ ಕಾಯಿಲೆ ಬೇರೆ ಸೇರಿಕೊಂಡಿತು. ನಾನು ಮೊದಲೇ ಮುಂಗೋಪಿ, ಆ ಗುಳಿಗೆ ನುಂಗಿದ ಮೇಲೆ ಕೇಳಬೇಕೆ? ಒಂದು ದಿನ ತೋಳು ಬಿಗಿಯಾಯಿತು ಎಂದ ಗಿರಾಕಿಯ ಎದುರೇ ಕತ್ತರಿ ಗೋಡೆಗೆ ಎಸೆದೆ. ಅವಳು ಅಳತೆ ಬ್ಲೌಸನ್ನೂ ಬಿಟ್ಟು ಓಡಿದಳು.

ಮಗಳು ಚೈತ್ರಾಗೆ ಆಗ ಹದಿಮೂರು. ಶಾಲೆಗೆ ಹೊರಡುವ ಮುಂಚೆ ನನ್ನ ಸೀರೆ ಮೊಣಕಾಲಿನವರೆಗೆ ಎತ್ತಿ, ಕಾಲಿನ ಕೆಂಪು ಚುಕ್ಕೆಗಳ ಸುತ್ತ ಬಾಲ್‌ಪೆನ್ನಿನಲ್ಲಿ ಗೆರೆ ಎಳೆಯುತ್ತಿದ್ದಳು. ಸಂಜೆ ಬಂದವಳೇ ಚೀಲ ಇಳಿಸದೆ ಮತ್ತೆ ನೋಡುವಳು. ಗೆರೆಯ ಆಚೆಗೆ ಹೊಸ ಚುಕ್ಕೆ ಕಂಡರೆ ಅವತ್ತು ಅವಳು ಊಟ ಬಿಡುತ್ತಿದ್ದಳು. ತಲೆನೋವು ಎನ್ನುವ ಮಾತನ್ನೇ ನಾನು ಮನೆಯಲ್ಲಿ ಆಡುತ್ತಿರಲಿಲ್ಲ. ತಲೆಯೊಳಗೆ ರಕ್ತ ಸೋರಿದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದನ್ನು ಅವಳು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದಳು.

ಹೇಳಲು ನಾಚಿಕೊಂಡೇ ನಮ್ಮ ಹೆಂಗಸರು ಸಾಯುತ್ತಾರೆ, ಅದಕ್ಕೇ ಬಿಚ್ಚಿ ಹೇಳುತ್ತೇನೆ. ಒಂದು ತಿಂಗಳು ಮುಟ್ಟು ಹದಿನೇಳು ದಿನ ನಿಲ್ಲಲಿಲ್ಲ. ಬಚ್ಚಲಿನಲ್ಲಿ ಬಟ್ಟೆ ಹಿಂಡುತ್ತಿದ್ದವಳು ಹಾಗೇ ಗೋಡೆಗೆ ಒರಗಿ ಕುಸಿದೆ. ಎತ್ತಿದ್ದು ನನ್ನ ಅತ್ತೆ ಕೆಂಚಮ್ಮ.

ಈ ಅತ್ತೆಯ ಬಗ್ಗೆ ಹೇಳಬೇಕು. ಹದಿನಾಲ್ಕು ವರ್ಷದಲ್ಲಿ ಅವರು ನನ್ನೊಡನೆ ಒಂದು ಒಳ್ಳೆಯ ಮಾತು ಆಡಿದವರಲ್ಲ. ನಾನು ಮಾಡಿದ ಚಾ ಒಂದು ದಿನ ನೀರು, ಒಂದು ದಿನ ಕಷಾಯ, ಒಂದು ದಿನ ಪಾಯಸ. "ಚಾ ಮಾಡಾಕೂ ಬರಂಗಿಲ್ಲ, ಸೊಕ್ಕೇಲಿ ಏನ್ ಕಲಿಸ್ಯಾರೋ" ಎನ್ನದ ಬೆಳಗೇ ಇಲ್ಲ. ನಾನೂ ಸುಮ್ಮನಿರುವವಳಲ್ಲ, ಒಂದಕ್ಕೆ ಎರಡು ಕೊಡುತ್ತಿದ್ದೆ. ಆ ಕೆಂಚಮ್ಮ ಅವತ್ತು ನನ್ನನ್ನು ಒರಗಿಸಿ ಕೂರಿಸಿ, ನನ್ನ ಆ ಬಟ್ಟೆಗಳನ್ನೆಲ್ಲ ತಾವೇ ಒಗೆದು, ಕೋಲಿನಲ್ಲಿ ಎತ್ತಿ ಒಣಹಾಕಿದರು. ನಾನು "ಬ್ಯಾಡ ಬಿಡ್ರಿ ಅತ್ತೆ" ಎಂದದ್ದಕ್ಕೆ, "ಬಾಯಿ ಮುಚ್ಕೊಂಡು ಕೂತ್ಕೋ" ಎಂದರು. ಅಷ್ಟೇ.

ಸ್ಟೀರಾಯ್ಡ್ ಇನ್ನು ಸಾಕು, ಬೇರೆ ದಾರಿ ಆರಿಸಿಕೊಳ್ಳಬೇಕು ಎಂದು ಡಾಕ್ಟರು ಹೇಳಿದ್ದು ಆ ತಿಂಗಳೇ. ಹೊಟ್ಟೆಯ ಎಡಗಡೆ ಗುಲ್ಮ ಅಂತ ಒಂದು ಅಂಗವಿದೆ, ಪ್ಲೇಟ್‌ಲೆಟ್ ಹೆಚ್ಚಾಗಿ ಸಾಯುವುದು ಅಲ್ಲೇ. ಅದನ್ನು ಆಪರೇಷನ್ ಮಾಡಿ ತೆಗೆದರೆ ಎಷ್ಟೋ ಜನರಿಗೆ ವಾಸಿಯಾಗುತ್ತದೆ, ಕೆಲವರಿಗೆ ಆಗುವುದಿಲ್ಲ. ಆದರೆ ತೆಗೆದ ಮೇಲೆ ಜೀವನಪೂರ್ತಿ ಸಣ್ಣ ಜ್ವರಕ್ಕೂ ಆಸ್ಪತ್ರೆಗೆ ಓಡಬೇಕು. ಇಲ್ಲವೇ ಡ್ರಿಪ್ಪಿನಲ್ಲಿ ವಾರಕ್ಕೊಂದರಂತೆ ಇಂಜೆಕ್ಷನ್. ಅದು ಹಿಡಿದರೆ ಒಂದೆರಡು ವರ್ಷ ನೆಮ್ಮದಿ, ಆಮೇಲೆ ಮತ್ತೆ ಬರಬಹುದು. ಅದೂ ಬೇಡವೆಂದರೆ ದಿನಾ ಒಂದು ಗುಳಿಗೆ. ಅದು ಪ್ಲೇಟ್‌ಲೆಟ್ ಹೆಚ್ಚು ಹುಟ್ಟುವಂತೆ ಮಾಡುತ್ತದೆ, ನಿಲ್ಲಿಸಿದರೆ ಇಳಿಯುತ್ತದೆ, ಎಷ್ಟು ವರ್ಷವೋ ಹೇಳಲಾಗದು.

"ಸರ್, ನಿಮ್ಮ ಹೆಂಡ್ತಿಗೆ ಹಿಂಗಾಗಿದ್ರೆ ಏನ್ ಮಾಡ್ಸ್ತಿದ್ರಿ?" ಎಂದು ಕೇಳಿದೆ.

ಅವರು ಪೆನ್ನು ತಿರುಗಿಸಿ, "ನನಗೆ ಮದುವೆ ಆಗಿಲ್ಲಮ್ಮ" ಎಂದರು.

ಆಪರೇಷನ್ ಎಂದರೆ ತಂಗಿ, "ತೆಗ್ಸಿ ಬಿಸಾಕಕ್ಕ ಅತ್ಲಾಗೆ, ದಿನಾ ಸಾಯೋದಕ್ಕಿಂತ ವಾಸಿ" ಎಂದಳು. ಅಣ್ಣ, "ದೇವ್ರು ಕೊಟ್ಟ ಅಂಗ, ಸುಮ್ಸುಮ್ಕೆ ಕೊಟ್ಟಿರ್ತಾನೇನು? ಮುಟ್ಟಿಸಬ್ಯಾಡ" ಎಂದ. ನಮ್ಮನೆಯವರನ್ನು ಕೇಳಿದರೆ, "ನೀನು ಹೆಂಗಂತೀಯೋ ಹಂಗೆ." ನನಗೆ ಎಲ್ಲಿತ್ತೋ ಸಿಟ್ಟು! "ಆಟೋಗೆ ಒಂದು ಟಯರ್ ಹಾಕ್ಸಾಕೆ ಹತ್ತು ಮಂದೀನ ಕೇಳ್ತೀರಿ. ನನ್ನ ಹೊಟ್ಟೆ ಕೊಯ್ಸಾಕೆ ನನ್ನೊಬ್ಬಳನ್ನೇ ಕೇಳ್ತೀರಾ?" ಎಂದು ಕೂಗಾಡಿದೆ. ಅವರು ಎದ್ದು ಹೊರಗೆ ಹೋಗಿ ಆಟೋದೊಳಗೆ ಕೂತರು. ಕಿಟಕಿಯಿಂದ ನೋಡಿದರೆ ಸ್ಟೇರಿಂಗಿಗೆ ಹಣೆ ಹಚ್ಚಿಕೊಂಡಿದ್ದರು. ಹೆದರಿದವರು ನಾನೊಬ್ಬಳೇ ಅಲ್ಲ ಎಂದು ನನಗೆ ಅವತ್ತು ಗೊತ್ತಾಯಿತು.

ನನಗೆ ಕತ್ತಿಯ ಭಯ. ಗುಳಿಗೆಯನ್ನು ಆರಿಸಿಕೊಂಡೆ. ಬೆಳಿಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಬೇಕು ಎಂದರು. ಇನ್ನೂ ಏನೇನೋ ಹೇಳಿದರು. ಒಂದು ಹಾಳೆಯನ್ನೂ ಕೊಟ್ಟರು, ಇಂಗ್ಲಿಷಿನದು. ನನ್ನ ತಲೆ ಆಗ ಎಲ್ಲಿತ್ತೋ, ನಿಜ ಹೇಳಬೇಕೆಂದರೆ ಖಾಲಿ ಹೊಟ್ಟೆ ಎಂಬುದೊಂದು ಬಿಟ್ಟು ಬೇರೇನೂ ಕಿವಿಗೆ ಬೀಳಲಿಲ್ಲ. ಹಾಳೆಯನ್ನು ಮಡಚಿ ಅಳತೆ ಪುಸ್ತಕದೊಳಗೆ ಇಟ್ಟೆ.

ಗುಳಿಗೆಯ ಜವಾಬ್ದಾರಿಯನ್ನು ಅತ್ತೆ ಕೇಳದೆಯೇ ವಹಿಸಿಕೊಂಡರು. "ಇಷ್ಟು ದೊಡ್ಡ ರೋಗದ ಗುಳಿಗೆ, ಕಾವು ಇರ್ತೈತೆ. ಬರೇ ನೀರಾಗೆ ನುಂಗಿದ್ರೆ ಕರುಳು ಸುಡ್ತೈತೆ" ಎಂದರು. ಬೆಳಕು ಹರಿಯುವಾಗಲೇ ಎದುರು ಮನೆಗೆ ಹೋಗಿ, ಎಮ್ಮೆ ಕರೆಯುವವರೆಗೆ ಅಲ್ಲೇ ಕುಕ್ಕುರುಗಾಲಲ್ಲಿ ಕೂತು, ನೊರೆಹಾಲು ತಂದು ಕಾಯಿಸುವರು. ಒಂದು ಲೋಟ ನನ್ನ ಕೈಗೆ, ಗುಳಿಗೆ ತಮ್ಮ ಅಂಗೈಯಲ್ಲಿ. ನಾನು ನುಂಗಿ ಲೋಟ ಬರಿದು ಮಾಡುವವರೆಗೆ ಕದಲುತ್ತಿರಲಿಲ್ಲ. ಹಾಲು ಕುಡಿದರೆ ಹೊಟ್ಟೆ ಖಾಲಿಯಲ್ಲ ಎಂದು ನಮ್ಮಲ್ಲಿ ಯಾರಿಗೆ ಹೊಳೆಯುತ್ತದೆ? ನಾವು ಉಪವಾಸ ಇರುವ ದಿನವೂ ಹಾಲು ಕುಡಿಯುತ್ತೇವೆ. ಡಾಕ್ಟರು ಪ್ರತಿ ಸಲ "ಖಾಲಿ ಹೊಟ್ಟೆಯಲ್ಲೇ ತಗೋತಿದೀರಾ?" ಎಂದು ಕೇಳುವರು. ನಾನು ಎದೆ ತಟ್ಟಿ "ಹೂಂ ಸರ್, ಒಂದು ದಿನಾನೂ ತಪ್ಪಿಸಿಲ್ಲ" ಎನ್ನುತ್ತಿದ್ದೆ.

ಆ ಒಂದು ಲೋಟ ಹಾಲಿಗಾಗಿ ನಾನು ಕಾಯತೊಡಗಿದ್ದೆ ಎಂಬುದನ್ನೂ ಹೇಳಿಬಿಡುತ್ತೇನೆ. ಸೊಕ್ಕೆ ಬಿಟ್ಟ ಮೇಲೆ ನನ್ನ ಮುಂದೆ ಹಾಗೆ ಲೋಟ ಹಿಡಿದು ನಿಂತವರು ಯಾರೂ ಇರಲಿಲ್ಲ.

ಮೂರು ತಿಂಗಳಾಯಿತು. ಒಂಬತ್ತು ಸಾವಿರ, ಏಳು ಸಾವಿರ, ಹನ್ನೊಂದು, ಮತ್ತೆ ಏಳು. ಡೋಸ್ ಹೆಚ್ಚಿಸಿದರು. ಆರು. ನಾಲಿಗೆಯ ಮೇಲೆ ರಕ್ತದ ಬೊಬ್ಬೆ ಬಂದವು. ಮೂಗಿನಲ್ಲಿ ಬಟ್ಟೆ ತುರುಕಿಕೊಂಡು ಒಂದು ಹಗಲೆಲ್ಲ ಕೂತೆ. ಡಾಕ್ಟರು ಕನ್ನಡಕ ತೆಗೆದಿಟ್ಟು, "ಗುಳಿಗೆ ನಿಮಗೆ ಕೆಲಸ ಮಾಡ್ತಿಲ್ಲ ಅನ್ಸುತ್ತಮ್ಮ. ಇನ್ನು ತಡ ಮಾಡೋದು ಬೇಡ, ಆಪರೇಷನ್ನಿಗೆ ರೆಡಿ ಆಗೋಣ" ಎಂದರು. ಎರಡೂ ತೋಳಿಗೆ ಮುಂಚಿತವಾಗಿ ಕೊಡಬೇಕಾದ ಲಸಿಕೆಗಳನ್ನು ಕೊಟ್ಟರು. ಆ ಜಾಗವೂ ನೇರಳೆಯಾಯಿತು.

ನಾನು ಸಾಯುತ್ತೇನೆ ಎಂದು ಖಚಿತ ಮಾಡಿಕೊಂಡೆ. ಹೊಲಿಯದೆ ಉಳಿದ ಬಟ್ಟೆಗಳನ್ನು ಒಂದೊಂದಾಗಿ ಅವರವರ ಮನೆಗೆ ಚೈತ್ರಾಳ ಕೈಯಲ್ಲಿ ಕಳಿಸಿದೆ. ಅವಳಿಗೆ ಮುಂದೆ ಬೇಕಾಗುತ್ತದೆಂದು ಎರಡು ಲಂಗ, ನಾಲ್ಕು ಬ್ಲೌಸು ಒಂದೊಂದು ಅಳತೆ ದೊಡ್ಡದಾಗಿ ಹೊಲಿದು, ಬದಿಗೆ ಬಿಚ್ಚಲು ಬಟ್ಟೆ ಬಿಟ್ಟೆ. ಅವಳು ನೋಡಿ, "ಇಷ್ಟು ದೊಡ್ಡದು ಯಾಕಮ್ಮಾ?" ಎಂದಳು. "ಬೆಳೀತೀಯಲ್ಲ" ಎಂದೆ. ಅವಳು ಆ ಬಟ್ಟೆಗಳನ್ನು ಎತ್ತಿ ಮಂಚದ ಕೆಳಗೆ ಎಸೆದು, ನನ್ನ ಕುತ್ತಿಗೆಗೆ ಜೋತುಬಿದ್ದು ಅತ್ತಳು. ಅವಳ ತೋಳು ಒತ್ತಿದಲ್ಲಿ ಕಲೆ ಬೀಳುತ್ತದೆಂದು ಗೊತ್ತಿದ್ದೂ ಬಿಡಿಸಿಕೊಳ್ಳಲಿಲ್ಲ.

ಆಪರೇಷನ್ನಿಗೆ ನಾಲ್ಕು ದಿನ ಮುಂಚೆ ಅರಿವಳಿಕೆ ಡಾಕ್ಟರಿಗೆ ತೋರಿಸಬೇಕಿತ್ತು. ಬೆಳಿಗ್ಗೆ ಬೇಗ ಹೊರಟೆವು. ಗುಳಿಗೆಯನ್ನು ಆಪರೇಷನ್ನಿನವರೆಗೆ ಬಿಡಬಾರದು ಎಂದಿದ್ದರು. ಅತ್ತೆ ಹಾಲನ್ನು ಫ್ಲಾಸ್ಕಿಗೆ ತುಂಬಿ, ಬಿರಡೆಗೆ ಬಟ್ಟೆ ಸುತ್ತಿ ಬಿಗಿ ಮಾಡಿ, ನನ್ನ ಚೀಲದಲ್ಲಿಟ್ಟು, "ಅಲ್ಲಿ ಹೋಗಿ ಬಿಸಿಬಿಸಿ ಕುಡಿ" ಎಂದರು.

ಕಾರಿಡಾರಿನಲ್ಲಿ ಹೊನ್ನಾಳಿ ಮೇಷ್ಟ್ರು ಸಿಕ್ಕರು. ನಿವೃತ್ತರು, ನನ್ನದೇ ಕಾಯಿಲೆ, ಅಲ್ಲೇ ನಾಲ್ಕಾರು ಸಲ ಕಂಡು ಪರಿಚಯ. ನಮ್ಮನೆಯವರು ಚೀಟಿ ಮಾಡಿಸಲು ಸಾಲಿನಲ್ಲಿ ನಿಂತಿದ್ದರು. ನಾನು ಗುಳಿಗೆಯನ್ನು ಬಾಯಿಗೆ ಹಾಕಿಕೊಳ್ಳಲೆಂದು ಅಂಗೈಯಲ್ಲಿಟ್ಟು, ಫ್ಲಾಸ್ಕಿನ ಮುಚ್ಚಳಕ್ಕೆ ಹಾಲು ಬಗ್ಗಿಸಿದೆ. ಮೇಷ್ಟ್ರು ಪಕ್ಕನೆ ನನ್ನ ಮಣಿಕಟ್ಟು ಹಿಡಿದರು.

"ಏನಮ್ಮ ಅದು?"

"ಗುಳಿಗೆ ಸರ್. ನೀವೂ ಇದನ್ನೇ ತಗೋತೀರಲ್ಲ."

"ಗುಳಿಗೆ ಅಲ್ರೀ, ಮುಚ್ಚಳದಾಗೆ ಏನೈತೆ?"

"ಹಾಲು."

"ದಿನಾ ಹಿಂಗೇ ತಗೊಂತೀರಾ?"

ಹೂಂ ಎಂದೆ. ಅವರು ನನ್ನ ಕೈಯಿಂದ ಮುಚ್ಚಳ ಇಸಿದುಕೊಂಡು, ಹಾಲನ್ನು ಫ್ಲಾಸ್ಕಿಗೇ ಹಿಂದಕ್ಕೆ ಸುರಿದು ಬಿರಡೆ ಹಾಕಿದರು. "ಅಯ್ಯೋ ನಮ್ಮವ್ವ, ಹಾಲಿನ ಸುಣ್ಣದ ಅಂಶ ಈ ಗುಳಿಗೇನ ಹೊಟ್ಟೆಯಾಗೇ ಹಿಡ್ಕಂತೈತೆ, ರಕ್ತಕ್ಕೆ ಹೋಗಾಕೆ ಬಿಡಂಗಿಲ್ಲ. ಹಾಲು, ಮೊಸರು, ರಾಗಿ ಯಾವುದೂ ಗುಳಿಗೆ ಹತ್ರ ಸುಳೀಬಾರದು. ನೀವು ಮೂರು ತಿಂಗಳು ಗುಳಿಗೆ ತಗಂಡೇ ಇಲ್ಲ ಅಂತ ತಿಳ್ಕಳ್ರಿ" ಎಂದರು.

ಮೇಷ್ಟ್ರೇ ನನ್ನನ್ನು ರಕ್ತದ ಡಾಕ್ಟರ ಬಳಿ ಕರೆದೊಯ್ದರು. ಡಾಕ್ಟರು ಕೇಳಿಸಿಕೊಂಡು ತಮ್ಮ ಹಣೆಯನ್ನೇ ತಟ್ಟಿಕೊಂಡರು. "ಹಾಲು ಅಂತ ನಾನು ಬಿಡಿಸಿ ಬಿಡಿಸಿ ಕೇಳ್ಬೇಕಿತ್ತು" ಎಂದರು. "ನಾನು ಕೇಳಿಸ್ಕೋಬೇಕಿತ್ತು ಸರ್" ಎಂದೆ. ಆಪರೇಷನ್ ಮುಂದೂಡಿದರು. ಆರು ವಾರ, ಸಂಜೆ ಬರೀ ನೀರಿನಲ್ಲಿ ನುಂಗಿ ಎರಡು ತಾಸು ಏನೂ ತಿನ್ನದೆ. ಆದರೂ ಏರದಿದ್ದರೆ ಗುಲ್ಮ ತೆಗೆಯುವುದೇ.

ವಾಪಸು ಬರುವಾಗ ನನ್ನೊಳಗೆ ಕುದಿಯುತ್ತಿತ್ತು. ಮೂರು ತಿಂಗಳು! ಮೂಗಿನ ರಕ್ತ, ನಾಲಿಗೆಯ ಬೊಬ್ಬೆ, ಮಂಚದ ಕೆಳಗಿನ ಲಂಗ, ಎಲ್ಲಕ್ಕೂ ಒಂದು ಮುಖ ಸಿಕ್ಕಿತ್ತು. ಕಾವಂತೆ, ಕರುಳು ಸುಡುತ್ತದಂತೆ. ಹೊಸಿಲು ತುಳಿದ ತಕ್ಷಣ ಏನೇನು ಅನ್ನಬೇಕು ಎಂದು ಸಾಲಾಗಿ ಜೋಡಿಸಿಕೊಂಡೆ. ನಮ್ಮನೆಯವರು, "ಅವ್ವಂಗೆ ಹೇಳಬ್ಯಾಡ ಕಣೇ. ಸತ್ತೇ ಹೋಗ್ತಾಳೆ" ಎಂದರು. ನಾನು, "ನಾನು ಸತ್ರೆ ಪರವಾಗಿಲ್ವಾ?" ಎಂದೆ.

ಅತ್ತೆ ಜಗಲಿಯ ಮೇಲೇ ಕೂತಿದ್ದರು. ನನ್ನನ್ನು ಕಂಡ ಕೂಡಲೇ ಎದ್ದು, "ಏನಂದ್ರು? ಯಾವತ್ತು ಕೊಯ್ತಾರಂತೆ? ಹೇಳೇ!" ಎಂದರು. ಕಣ್ಣು ಕೆಂಪಗೆ ಊದಿತ್ತು. ಕಾಲಿಗೆ ಚಪ್ಪಲಿ ಇರಲಿಲ್ಲ, ಬೆಳಗಿನಿಂದ ಒಳಗೆ ಹೊರಗೆ ತಿರುಗಿ ಪಾದ ಧೂಳಾಗಿತ್ತು. ಜೋಡಿಸಿಟ್ಟುಕೊಂಡ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. "ಮುಂದಕ್ಕೆ ಹಾಕ್ಯಾರೆ ಅತ್ತೆ. ಗುಳಿಗೆ ಬೇರೆ ಕೊಟ್ಟಾರೆ, ಇದನ್ನ ಬರೇ ನೀರಾಗೆ, ಸಾಯಂಕಾಲ ತಗೋಬೇಕಂತೆ" ಎಂದೆ. ಅವರು ನನ್ನ ಚೀಲ ಇಸಿದುಕೊಂಡು ಒಳಗೆ ಹೋದರು.

ಆರು ವಾರ ಹೇಗೆ ಕಳೆಯಿತೋ, ನನ್ನನ್ನು ಕೇಳಬೇಡಿ. ಮಧ್ಯಾಹ್ನ ಮಜ್ಜಿಗೆ ಇಲ್ಲದ ಊಟ. ಐದು ಗಂಟೆಗೆ ನೀರಿನಲ್ಲಿ ಗುಳಿಗೆ. ಆಮೇಲೆ ಎರಡು ತಾಸು ಗಡಿಯಾರ ನೋಡುತ್ತಾ ಮಿಷನ್ನಿನ ಮುಂದೆ ಕೂರುವುದು. ಮೊದಲ ವಾರ ಎಂಟು ಸಾವಿರ. ಚೈತ್ರಾ ಗೆರೆ ಎಳೆಯುವುದನ್ನು ಬಿಡಲಿಲ್ಲ. ಎರಡನೆಯ ವಾರ ಹತ್ತೊಂಬತ್ತು. ಲ್ಯಾಬಿನವನು ತಪ್ಪು ಮಾಡಿರಬೇಕೆಂದು ಮತ್ತೊಮ್ಮೆ ಕೊಟ್ಟೆ. ಇಪ್ಪತ್ತು. ನಾಲ್ಕನೆಯ ವಾರ ಮೂವತ್ತೈದು. ಅವತ್ತು ನಮ್ಮನೆಯವರು ನ್ಯಾಮತಿ ಬಸ್‌ಸ್ಟ್ಯಾಂಡಿನ ಎದುರು ಎಲ್ಲರೂ ನೋಡುವಂತೆ ನನ್ನ ಕೈ ಹಿಡಿದುಕೊಂಡು ನಿಂತರು. ಆರನೆಯ ವಾರ ಐವತ್ತೆರಡು. ಆಪರೇಷನ್ ಸದ್ಯಕ್ಕೆ ಬೇಡ ಎಂದರು ಡಾಕ್ಟರು. ಇದು ವಾಸಿಯಲ್ಲ, ನನಗೂ ಗೊತ್ತು. ಈಗಲೂ ಸಂಖ್ಯೆ ಬಿದ್ದ ತಿಂಗಳು ಗುಲ್ಮದ ಮಾತು ಮತ್ತೆ ಏಳುತ್ತದೆ. ಆದರೆ ಮಂಚದ ಕೆಳಗಿನ ಲಂಗವನ್ನು ಚೈತ್ರಾ ಮೊನ್ನೆ ತೊಟ್ಟಳು. ಬಿಟ್ಟಿದ್ದ ಬಟ್ಟೆಯನ್ನು ಬದಿಯಲ್ಲಿ ಬಿಚ್ಚಿಕೊಟ್ಟದ್ದು ನಾನೇ.

ಅತ್ತೆಯ ವಿಷಯ ನಾನು ಗಮನಿಸಿದ್ದು ತಡವಾಗಿ. ಸಂಖ್ಯೆ ಏರಿದ ಮೇಲೆ ನನಗೆ ಮನೆಯ ಕಡೆ ಕಣ್ಣು ತೆರೆಯಿತು ಎನ್ನಿ. ಒಂದು ಬೆಳಿಗ್ಗೆ ಒಲೆಯ ಮುಂದೆ ಕೂತು ಲೋಟದಲ್ಲಿ ಅದೇನೋ ಕಪ್ಪಗೆ ಕುಡಿಯುತ್ತಿದ್ದರು. ಮಾರನೆಯ ದಿನವೂ ಹಾಗೇ. ಚೈತ್ರಾಳನ್ನು ಕೇಳಿದೆ. "ಅಜ್ಜಿ ಯಾವಾಗಿಂದಾನೋ ಹಾಲು ಬಿಟ್ಟೈತೆ. ಮೊಸರೂ ಹಾಕಿಸ್ಕೊಳಲ್ಲ" ಎಂದಳು. ಊಟದ ಕೊನೆಗೆ ಮೊಸರನ್ನ ಉಣ್ಣದೆ ಏಳದ ಮುದುಕಿ.

"ಯಾಕ್ರೀ ಅತ್ತೆ, ಚಾಕ್ಕೆ ಹಾಲು ಹಾಕ್ಕೊಳಲ್ಲ?"

"ರುಚಿ ಹತ್ತಂಗಿಲ್ಲ."

"ಸುಳ್ಳು ಹೇಳಬ್ಯಾಡ್ರಿ."

ಅವರು ಒಲೆಯೊಳಗೆ ಒಂದು ಕಟ್ಟಿಗೆ ನೂಕಿದರು. ಆಮೇಲೆ, "ಅವತ್ತು ಆಸ್ಪತ್ರೆಯಿಂದ ಫ್ಲಾಸ್ಕು ತುಂಬಿದ್ದು ತುಂಬಿದಂಗೇ ವಾಪಸ್ ಬಂದಿತ್ತಲ್ಲವ್ವ" ಎಂದರು. "ಗುಳಿಗೆ ಡಬ್ಬೀನೂ ಅದೇ ಇತ್ತು. ನಂಗೆ ಓದಾಕೆ ಬರಂಗಿಲ್ಲ, ಬಣ್ಣ ಗೊತ್ತಾಗಂಗಿಲ್ಲೇನು?"

ಒಲೆಯ ಮುಂದೆ ಅವರ ಪಕ್ಕ ಕೂತೆ. ಕಣ್ಣು ತುಂಬಿತು. ಎದ್ದು ಎದುರು ಮನೆಗೆ ಹೋಗಿ ಹಾಲು ತಂದು ಕಾಯಿಸಿ, ಚಾ ಮಾಡಿ, ಅವರ ಮುಂದೆ ಲೋಟ ಹಿಡಿದು ನಿಂತೆ. ಅವರು ಮುಖ ತಿರುಗಿಸಿದರು. ನಾನು ಕದಲಲಿಲ್ಲ.

"ಗುಳಿಗೆ ನುಂಗೋಳು ನಾನು, ನೀವಲ್ಲ. ಕುಡೀರಿ" ಎಂದೆ.

ಲೋಟ ತೆಗೆದುಕೊಂಡರು. ಒಂದು ಗುಟುಕು ಕುಡಿದು, ಸೆರಗಿನಿಂದ ಮೂಗು ಒರೆಸಿಕೊಂಡು, ನನ್ನ ಮುಖ ನೋಡದೆ ಹೇಳಿದರು:

"ಹದಿನೈದು ವರ್ಷ ಆತು, ಇನ್ನೂ ಸಕ್ಕರೆ ಹಾಕಾಕೆ ಬರಂಗಿಲ್ಲ ನಿಂಗೆ."